ಛಾವಣಿ ಇದ್ದ ಸೇತುವೆ

ಜುಲೈ 12, 2024, ಶುಕ್ರವಾರ, ಪುಣೆ

ಇವತ್ತು ಪಾನ್‌ಶೇತ್ ಅಣೆಕಟ್ಟು ಒಡೆದ ದಿನ. ಬೆಳಿಗ್ಗೆಯಿಂದ ಮಾವ ಜಾಸ್ತಿ ಮಾತಾಡಿರಲಿಲ್ಲ. 1961ರಲ್ಲಿ ಅಣೆಕಟ್ಟಿನ ನೀರು ಪೇಟೆಗಳಿಗೆ ನುಗ್ಗಿದಾಗ ಅವರಪ್ಪ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಪರ್ವತಿ ಗುಡ್ಡ ಹತ್ತಿದ್ದರಂತೆ.

ಸಂಜೆ ಚಹಾ ಕೊಟ್ಟು, ಆಲ್ಬನಿಯಿಂದ ತಮ್ಮ ಕಳಿಸಿದ ಹಳೇ ಫೋಟೊ ತೋರಿಸಿದೆ. ನ್ಯೂಯಾರ್ಕ್ ರಾಜ್ಯದ ಬ್ಲೆನ್‌ಹೈಮ್ ಸೇತುವೆ. ನಿಕೋಲಸ್ ಪವರ್ಸ್ ಎಂಬಾತ 1855ರಲ್ಲಿ ಕಟ್ಟಿದ್ದು. ಪೂರಾ ಮರದ್ದು. ಹೊಳೆಯ ನಡುವೆ ಒಂದೂ ಕಂಬವಿಲ್ಲದೆ ಸುಮಾರು 210 ಅಡಿ! ಎರಡೂ ಕಡೆ ಹಲಗೆ ಗೋಡೆ, ಮೇಲೆ ಛಾವಣಿ, ಉದ್ದನೆಯ ದನದ ಕೊಟ್ಟಿಗೆ ಥರ.

ಮಾವ ಟಿಂಬರ್ ಮಾರ್ಕೆಟ್‌ನಲ್ಲಿ ಲೆಕ್ಕ ಬರೆದವರು, ಮರ ಅಂದರೆ ಕಣ್ಣು ಅರಳುತ್ತದೆ. ಕನ್ನಡಕ ಹಾಕಿಕೊಂಡು ಫೋಟೊ ದೊಡ್ಡದು ಮಾಡಿಸಿದರು.

"ಹೋಗೋ ಮಂದಿ ತೊಯ್ಯಬಾರ್ದು ಅಂತ ಛಾವಣಿ ಇರಬೇಕು ಅಲ್ವಾ ಮಾವ?" ಅಂದೆ.

"ಅಲ್ಲವ್ವಾ. ಮಂದಿ ತೊಯ್ದರ ಮೈ ಒರಸ್ಕೋತಾರ. ತೊಲಿ ತೊಯ್ದರ ಜೋಡಣಿಯೊಳಗ ನೀರು ನಿಲ್ತದ. ತೊಯ್ಯೂದು, ಒಣಗೂದು, ಮತ್ತ ತೊಯ್ಯೂದು. ಮ್ಯಾಲೆ ಚಂದ ಕಾಣ್ತಿರ್ತದ, ಬೆರಳು ಒತ್ತಿದರ ಒಳಗ ಹೋಗ್ತದ."

ಹೇಳುತ್ತಾ ಟೀಪಾಯಿಯ ಕಾಲು ಸೇರುವ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಆ ಛಾವಣಿಯಿಂದಲೇ ಸೇತುವೆ 156 ವರ್ಷ ಬಾಳಿತು. ಪಕ್ಕದಲ್ಲಿ ಉಕ್ಕಿನ ಸೇತುವೆ ಬಂದ ಮೇಲೂ ಜನ ಇದನ್ನು ಕೆಡವಲಿಲ್ಲ, ನಡೆದು ಹೋಗಲು ಉಳಿಸಿಕೊಂಡರು. ಅದು ನನಗೆ ತುಂಬಾ ಇಷ್ಟವಾಯಿತು.

2011ರ ಆಗಸ್ಟ್ 28ರಂದು ಐರೀನ್ ಚಂಡಮಾರುತದ ಮಳೆಗೆ ಸ್ಕೋಹ್ಯಾರಿ ಹೊಳೆ ಉಕ್ಕಿತು. ಸೇತುವೆ ಕೊಚ್ಚಿಹೋಯಿತು. ಇದನ್ನು ಇವತ್ತೇ ಹೇಳಬೇಕಾ ಅಂತ ಅನ್ನಿಸಿತು, ಆದರೂ ಹೇಳಿದೆ.

ಮಾವ ಫೋನ್ ಕೆಳಗಿಟ್ಟರು. "ಮ್ಯಾಲಿನ ನೀರಿಗೆ ಛಾವಣಿ ಹಾಕಬಹುದು. ಕೆಳಗಿಂದ ಬಂದರ?"

ಆಮೇಲೆ ನಮ್ಮ ಪುಣೆಯ ಲಕಡಿ ಪುಲ್ ಮಾತು ಬಂತು. 1761ರಲ್ಲಿ, ಪಾಣಿಪತ್ ಸೋಲಿನ ವರ್ಷ, ಪೇಶ್ವೆ ಕಟ್ಟಿಸಿದ ಮರದ ಸೇತುವೆ. ಅದೂ ಉಳಿಯಲಿಲ್ಲ, ಕಲ್ಲಿನದು ಬಂತು. ಗಣಪತಿ ಮೆರವಣಿಗೆಗೆ ಹೋದಾಗೆಲ್ಲ ಅದರ ಹತ್ತಿರ ನಿಲ್ಲುತ್ತೇವೆ. ಆ ಮರ ಹೇಗಿತ್ತು ಅಂತ ಯಾರೂ ಕೇಳುವುದಿಲ್ಲ. ಬ್ಲೆನ್‌ಹೈಮ್‌ನವರು ಮಾತ್ರ 2018ರ ಹೊತ್ತಿಗೆ ಅದೇ ಜಾಗದಲ್ಲಿ, ಹಳೇ ಮಾದರಿಯಲ್ಲೇ ಮತ್ತೆ ಮರದ್ದೇ ಕಟ್ಟಿದರು.

"ಹಳೇ ತೊಲಿ ಒಂದರೆ ಅದರಾಗ ಹಾಕ್ಯಾರೇನು? ಕೇಳು ನಿನ್ನ ತಮ್ಮಗ" ಅಂದರು ಮಾವ. ಮೆಸೇಜ್ ಹಾಕಿದ್ದೇನೆ. ಹಾಕಿಲ್ಲ ಅಂದರೆ ಮಾವನಿಗೆ ಏನು ಹೇಳಲಿ?