ಬೀರುವಿನಲ್ಲಿ ಸಿಕ್ಕ ಟಾರ್ಚುಗಳು

ಔಷಧದ ಚೀಟಿ ಹುಡುಕಲು ಅಪ್ಪನ ಬೀರು ತೆರೆದ ದಿನ, ಮಡಿಸಿಟ್ಟ ಬಟ್ಟೆಗಳ ಹಿಂದೆ ಪೊಟ್ಟಣವನ್ನೂ ಒಡೆಯದ 17 ಟಾರ್ಚುಗಳು ಸಿಕ್ಕವು. ಜೀವನವಿಡೀ ಪ್ರತಿಯೊಂದು ಖರ್ಚಿಗೂ ಲೆಕ್ಕ ಬರೆದಿಟ್ಟ ಮನುಷ್ಯ ಅವರು. ಇಷ್ಟೊಂದು ಯಾಕಪ್ಪ ಎಂದು ಕೇಳಿದ್ದಕ್ಕೆ, ಎಂದೂ ಗದರದವರು ಗದರಿದರು.

ಆಗ ಹಿಂದಿನ ಕೆಲವು ತಿಂಗಳುಗಳು ಕಣ್ಣ ಮುಂದೆ ಬಂದವು. ಪಾರ್ಕಿನ್ಸನ್ ಕಾಯಿಲೆಗೆ ಪ್ರಮಿಪೆಕ್ಸೋಲ್ ಮಾತ್ರೆಯ ಪ್ರಮಾಣ ಹೆಚ್ಚಿಸಿದ ಮೇಲೆ, ಅವರು ನಡುರಾತ್ರಿ ಎದ್ದು ಗಡಿಯಾರ ಬಿಚ್ಚಿ, ಸ್ಕ್ರೂಗಳನ್ನು ಗಾತ್ರಕ್ಕೆ ತಕ್ಕಂತೆ ಸಾಲಾಗಿಟ್ಟು, ಕಲಸಿ, ಮತ್ತೆ ಮೊದಲಿನಿಂದ ಜೋಡಿಸುತ್ತಾ ಬೆಳಗು ಮಾಡುತ್ತಿದ್ದರು. ನಡುಗುತ್ತಿದ್ದ ಬೆರಳುಗಳು ಅಷ್ಟು ನಾಜೂಕಾಗಿ ಆಡುವುದನ್ನು ಕಂಡು ನಾವು ಹಿಗ್ಗಿದ್ದೆವು. ಮಿತಭಾಷಿಯಾಗಿದ್ದವರು ಅಪರಿಚಿತರೊಡನೆಯೂ ಅತಿ ಸಲಿಗೆಯಿಂದ ಮಾತಿಗಿಳಿದಾಗ, ಹಳೆಯ ಗೆಲುವು ಮರಳಿತೆಂದೇ ತಿಳಿದೆವು.

ನರರೋಗ ತಜ್ಞರಿಗೆ ಟಾರ್ಚುಗಳ ವಿಷಯ ಹೇಳಲು ನನಗೆ ನಾಚಿಕೆಯಾಯಿತು, ಆದರೆ ಅವರಿಗೆ ಆಶ್ಚರ್ಯವಾಗಲಿಲ್ಲ. ಈ ಕಾಯಿಲೆಯಲ್ಲಿ ಮೆದುಳಿನೊಳಗೆ ಚಲನೆಯನ್ನು ನಿಯಂತ್ರಿಸುವ ಭಾಗಕ್ಕೆ, ನರಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕ ತೀರಾ ಕಡಿಮೆಯಾಗಿರುತ್ತದೆ. ಆಸೆ ಮತ್ತು ಪ್ರತಿಫಲಕ್ಕೆ ಸಂಬಂಧಿಸಿದ ಭಾಗ ಅಷ್ಟು ಕೆಟ್ಟಿರುವುದಿಲ್ಲ. ಪ್ರಮಿಪೆಕ್ಸೋಲ್ ಡೋಪಮಿನ್‌ನಂತೆಯೇ ಕೆಲಸ ಮಾಡುವ ಮಾತ್ರೆ, ಕೈಯ ನಡುಕಕ್ಕೆ ಸಾಕಾಗುವಷ್ಟು ಔಷಧ ಅಲ್ಲಿಗೆ ವಿಪರೀತವಾಗಬಹುದು ಎಂದು ವಿವರಿಸಿದರು. 3,090 ರೋಗಿಗಳ ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದವರ ಪೈಕಿ ಶೇ. 17.1ರಷ್ಟು ಮಂದಿಯಲ್ಲಿ ಜೂಜು, ಖರೀದಿ, ತಿನ್ನುವಿಕೆ ಅಥವಾ ಕಾಮದ ಹತೋಟಿ ತಪ್ಪಿತ್ತು. ಆ ಮಾತ್ರೆ ತೆಗೆದುಕೊಳ್ಳದ ರೋಗಿಗಳಲ್ಲಿ ಅದು ಶೇ. 6.9 ಮಾತ್ರ. ಮಾತ್ರೆ ಆರಂಭಿಸಿದ ದಿನವೇ ಈ ಮಾತನ್ನು ರೋಗಿಗೂ ಮನೆಯವರಿಗೂ ಬಿಡಿಸಿ ಹೇಳಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಗೊತ್ತಿಲ್ಲದ ನಾವು ಅದನ್ನು ಅವರ ಸ್ವಭಾವವೆಂದು ಭಾವಿಸಿ ನೋಯಿಸಿದ್ದೆವು.

ಒಮ್ಮೆಲೇ ನಿಲ್ಲಿಸಿದರೆ ಆತಂಕ, ಖಿನ್ನತೆ ಮುತ್ತಬಹುದೆಂದು ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸಿ, ಇದೇ ಕಾಯಿಲೆಯ ಇನ್ನೊಂದು ಔಷಧವಾದ ಲೆವೊಡೋಪವನ್ನು ಸರಿಹೊಂದಿಸಿದರು. ನಡುಕ ಸ್ವಲ್ಪ ಮರಳಿತು, ರಾತ್ರಿಯ ನಿದ್ದೆಯೂ ಮರಳಿತು.

ಒಂದು ಸಂಜೆ ಅಪ್ಪ ತಾವಾಗಿಯೇ ಮಾತು ತೆಗೆದರು: "ತಪ್ಪು ಅಂತ ಗೊತ್ತಿತ್ತು ಕಣೋ. ಆದರೆ ಬೇಡ ಅನ್ನೋದು ಮನಸ್ಸಿಗೆ ಬರ್ತಾನೇ ಇರಲಿಲ್ಲ." ಆಮೇಲೆ ಲೆಕ್ಕದ ಪುಸ್ತಕವನ್ನು ನನ್ನತ್ತ ಸರಿಸಿ, ಬರೆಯದೆ ಬಿಟ್ಟಿದ್ದ ತಿಂಗಳುಗಳನ್ನು ತುಂಬಿಸಲು ಜೊತೆಗೆ ಕುಳಿತುಕೊಳ್ಳುವಂತೆ ಹೇಳಿದರು.