ರೀಇನ್‌ಸ್ಟಾಲ್‌ಗೆ ಮುನ್ನ ಇನ್‌ಪುಟ್ ಹೆಲ್ಪ್

"ಇನ್‌ಸರ್ಟ್ ಹಿಡಿದು ಡೌನ್ ಆ್ಯರೋ ಒತ್ತಿದರೆ ಎನ್‌ವಿಡಿಎ ಪೂರ್ತಿ ಓದುತ್ತಿಲ್ಲ, ಒಂದೇ ಸಾಲಿಗೆ ನಿಲ್ಲುತ್ತದೆ." ವಿಂಡೋಸ್‌ನಲ್ಲಿ ದೃಷ್ಟಿಯಿಲ್ಲದವರಿಗೆ ತೆರೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎ ಬಳಸುವ ಒಬ್ಬರ ಟಿಕೆಟ್‌ನಲ್ಲಿದ್ದದ್ದು ಇಷ್ಟೇ. ಸಪೋರ್ಟ್‌ನ ಮೊದಲ ಹಂತವಾದ ಎಲ್1 ರೀಇನ್‌ಸ್ಟಾಲ್ ಮಾಡಿ ಕ್ಲೋಸ್ ಮಾಡಿತು, ಟಿಕೆಟ್ ರೀಓಪನ್ ಆಯಿತು. ಅತ್ತ ಅವರು ಅವತ್ತೇ ಕಳಿಸಬೇಕಾದ ವರದಿ ಹಿಡಿದು ಕೂತಿದ್ದರೆ, ಇತ್ತ ಪ್ರೊಫೈಲನ್ನೇ ಅಳಿಸೋಣ ಅನ್ನುವವರೆಗೂ ಮಾತು ಹೋಗಿತ್ತು. ಅಳಿಸಿದ್ದರೆ ಅವರು ಕೂಡಿಸಿಟ್ಟ ಉಚ್ಚಾರಣೆಯ ಡಿಕ್ಷನರಿಯೂ ಹೋಗುತ್ತಿತ್ತು.

ರೀಇನ್‌ಸ್ಟಾಲ್‌ನಿಂದ ಇಂಥದ್ದು ಸರಿಹೋಗುವುದಿಲ್ಲ. ಬಳಕೆದಾರರ ಸೆಟ್ಟಿಂಗ್ ಇರುವುದು ಅವರ ಪ್ರೊಫೈಲ್‌ನಲ್ಲಿ, ಆ್ಯಪ್‌ಡೇಟಾ ರೋಮಿಂಗ್ ಒಳಗಿನ ಎನ್‌ವಿಡಿಎ ಫೋಲ್ಡರ್‌ನಲ್ಲಿ. ಬದಲಾಯಿಸಿಕೊಂಡ ಶಾರ್ಟ್‌ಕಟ್‌ಗಳ ಫೈಲೂ ಅಲ್ಲೇ. ಪ್ರೋಗ್ರಾಂ ಹೊಸದಾದರೂ ಹಳೆಯ ಸೆಟ್ಟಿಂಗ್ ಹಾಗೇ ಉಳಿಯುತ್ತದೆ.

ಮೊದಲು ಮಾಡಬೇಕಾದದ್ದು ಎನ್‌ವಿಡಿಎ ಕೀ (ಅದರ ಕಮಾಂಡ್‌ಗಳಿಗೆ ಹಿಡಿಯುವ ಕೀ, ಸಾಮಾನ್ಯವಾಗಿ ಇನ್‌ಸರ್ಟ್) ಜೊತೆ 1 ಒತ್ತಿ ಇನ್‌ಪುಟ್ ಹೆಲ್ಪ್ ಆನ್ ಮಾಡುವುದು. ಆಮೇಲೆ ಒತ್ತಿದ ಕೀ ಕೆಲಸ ಮಾಡುವುದಿಲ್ಲ, ಅದರ ಕೆಲಸ ಏನೆಂದು ಎನ್‌ವಿಡಿಎ ಹೇಳುತ್ತದೆ. ಇಲ್ಲಿ ಅದು ಹೇಳಿದ್ದು ರಿವ್ಯೂ ಕರ್ಸರ್ (ಪಠ್ಯವನ್ನು ಓದಿ ನೋಡಲು ಎನ್‌ವಿಡಿಎ ಬಳಸುವ ಕರ್ಸರ್) ಮುಂದಿನ ಸಾಲಿಗೆ ಹೋಗುವ ಕಮಾಂಡ್. ಅಂದರೆ ಎನ್‌ವಿಡಿಎಯ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಎಂಬ ಎರಡು ಕೀ ಜೋಡಣೆಗಳಲ್ಲಿ ಆನ್ ಇದ್ದದ್ದು ಲ್ಯಾಪ್‌ಟಾಪ್ ಲೇಔಟ್. ಅದರಲ್ಲಿ ಪೂರ್ತಿ ಓದಿಸಲು ಎನ್‌ವಿಡಿಎ ಜೊತೆ ಎ ಒತ್ತಬೇಕು. ಹೊಸ ಲ್ಯಾಪ್‌ಟಾಪ್‌ಗಳಿಗೆಂದು ಮಾಡಿದ ಕಾನ್ಫಿಗ್ಯುರೇಶನ್ನನ್ನು ಯಾರನ್ನೂ ಕೇಳದೆ ಎಲ್ಲರ ಪ್ರೊಫೈಲ್‌ಗೂ ಪುಶ್ ಮಾಡಲಾಗಿತ್ತು. ಎನ್‌ವಿಡಿಎ, ಕಂಟ್ರೋಲ್, ಕೆ ಒತ್ತಿ, ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಡೆಸ್ಕ್‌ಟಾಪ್ ಎಂದು ಬದಲಿಸಿದ ಮೇಲೆ ಸರಿಯಾಯಿತು.

ಇನ್‌ಪುಟ್ ಹೆಲ್ಪ್‌ನಲ್ಲಿ ಬರೀ "ಡೌನ್ ಆ್ಯರೋ" ಎಂದು ಕೇಳಿಸಿದ್ದರೆ ದಾರಿಯೇ ಬೇರೆ: ಇನ್‌ಸರ್ಟ್ ಎನ್‌ವಿಡಿಎ ಕೀಯಾಗಿ ತಲುಪುತ್ತಿಲ್ಲ. ನಮ್‌ಲಾಕ್ ಆನ್ ಇದ್ದರೆ ನಮ್‌ಪ್ಯಾಡ್‌ನ ಇನ್‌ಸರ್ಟ್ ಬರೀ ಸೊನ್ನೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇನ್‌ಸರ್ಟ್‌ಗೆ ಎಫ್‌ಎನ್ ಸೇರಿಸಿಯೇ ಒತ್ತಬೇಕು. ಅಂಥವರಿಗೆ ಕ್ಯಾಪ್ಸ್‌ಲಾಕನ್ನೇ ಎನ್‌ವಿಡಿಎ ಕೀ ಮಾಡಿಕೊಡುವುದು ಒಳ್ಳೆಯದು. ಆಗ ನಿಜವಾದ ಕ್ಯಾಪ್ಸ್‌ಲಾಕ್ ಬೇಕಾದರೆ ಬೇಗ ಬೇಗ ಎರಡು ಸಲ ಒತ್ತಬೇಕೆಂದೂ ಹೇಳಿಕೊಡಿ.

ಕಮಾಂಡ್ ಸರಿಯಾಗಿಯೇ ಹೇಳಿ, ಒಂದು ಆ್ಯಪ್‌ನಲ್ಲಿ ಮಾತ್ರ ಕೆಲಸ ಮಾಡದಿದ್ದರೆ ಸ್ಲೀಪ್ ಮೋಡ್ (ಆ ಆ್ಯಪ್‌ನಲ್ಲಿ ಎನ್‌ವಿಡಿಎ ಸುಮ್ಮನಿರುವ ಸ್ಥಿತಿ) ನೋಡಿ: ಡೆಸ್ಕ್‌ಟಾಪ್ ಲೇಔಟ್‌ನಲ್ಲಿ ಎನ್‌ವಿಡಿಎ, ಶಿಫ್ಟ್, ಎಸ್. ವೆಬ್ ಪುಟದಲ್ಲಿ ಎಚ್ ಒತ್ತಿದರೆ ಹೆಡಿಂಗ್‌ಗೆ ಹೋಗದೆ ಅಕ್ಷರ ಟೈಪ್ ಆಗುತ್ತಿದ್ದರೆ ಅದು ಕೀಗಳು ನೇರವಾಗಿ ಪುಟಕ್ಕೆ ಹೋಗುವ ಫೋಕಸ್ ಮೋಡ್. ಅದರಿಂದ ಹೊರಬರಲು ಎನ್‌ವಿಡಿಎ ಜೊತೆ ಸ್ಪೇಸ್ ಸಾಕು. ಆ್ಯಪ್‌ಗೆ ಬೇಕಾದ ಕೀಯನ್ನು ಎನ್‌ವಿಡಿಎಯೇ ನುಂಗುತ್ತಿದ್ದರೆ ಎನ್‌ವಿಡಿಎ ಎಫ್2 ಒತ್ತಿ, ಮುಂದಿನ ಕೀ ನೇರವಾಗಿ ಆ್ಯಪ್‌ಗೆ ಹೋಗುತ್ತದೆ.

ಟಿಕೆಟ್ ಫಾರ್ಮ್‌ನಲ್ಲಿ ಇಷ್ಟು ಕೇಳಿ ಎಂದು ಬರೆದು ಕಳಿಸಿದ್ದೇನೆ: ಯಾವ ಕೀ, ಯಾವ ಆ್ಯಪ್, ಇನ್‌ಪುಟ್ ಹೆಲ್ಪ್ ಏನು ಹೇಳಿತು. ಮ್ಯಾನೇಜ್‌ಮೆಂಟ್‌ನಿಂದ ಇನ್ನೂ ಉತ್ತರ ಬಂದಿಲ್ಲ.