ಅರಲ್ ಸಮುದ್ರವೂ ನಮ್ಮೂರಿನ ಹತ್ತಿಯೂ

ದೀಪಾವಳಿ ಬಂತೆಂದರೆ ರಾಯಚೂರು ಜಿಲ್ಲೆಯ ನಮ್ಮ ಪ್ರೌಢಶಾಲೆಯಲ್ಲಿ ಬೆಂಚುಗಳು ಖಾಲಿಯಾಗತೊಡಗುತ್ತವೆ. ಅದು ಹತ್ತಿ ಬಿಡಿಸುವ ಕಾಲ. ವಾರ ಕಳೆದು ಮರಳುವ ಮಕ್ಕಳ ಬೆರಳ ತುದಿಗಳಲ್ಲಿ ಒಣಗಿದ ಕಾಯಿಯ ಮೊನೆ ತಾಗಿದ ಗೀರುಗಳಿರುತ್ತವೆ. ತಂದೆತಾಯಿಯರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ, ಏಕೆಂದರೆ ಎಷ್ಟೋ ಮನೆಗಳಲ್ಲಿ ಆ ಕೂಲಿಯಿಂದಲೇ ವರ್ಷದ ಸಾಲ ತೀರಬೇಕು.

ಕಳೆದ ವರ್ಷ ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನದ ಅವಧಿಯಲ್ಲಿ, ಸ್ಮಾರ್ಟ್ ಕ್ಲಾಸಿನ ಪ್ರೊಜೆಕ್ಟರಿಗೆ ನನ್ನ ಮೊಬೈಲಿನ ಇಂಟರ್ನೆಟ್ ಕೊಟ್ಟು, 1984ರಿಂದ ಈಚಿನ ಉಪಗ್ರಹ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ಓಡಿಸಿ ತೋರಿಸುವ ಗೂಗಲ್ ಅರ್ತ್ ಟೈಮ್‌ಲ್ಯಾಪ್ಸ್‌ನಲ್ಲಿ ಮಧ್ಯ ಏಷ್ಯಾದ ಅರಲ್ ಸಮುದ್ರವನ್ನು ತೆರೆದೆ. ಒಂದು ಕಾಲಕ್ಕೆ ಜಗತ್ತಿನ ನಾಲ್ಕನೆಯ ಅತಿ ದೊಡ್ಡ ಸರೋವರವಾಗಿದ್ದ ಅದು ಮಕ್ಕಳ ಕಣ್ಣೆದುರೇ ಬಿಳಿ ಮರಳಾಗುತ್ತ ಹೋಯಿತು. 1960ರ ದಶಕದಿಂದ ಸೋವಿಯತ್ ಸರ್ಕಾರ ಅಮು ದರ್ಯಾ, ಸಿರ್ ದರ್ಯಾ ನದಿಗಳ ನೀರನ್ನು ಹೆಚ್ಚುಹೆಚ್ಚಾಗಿ ಹೊಲಗಳತ್ತ ತಿರುಗಿಸಿದ್ದೇ ಕಾರಣ, ಅಲ್ಲಿಯ ಮುಖ್ಯ ಬೆಳೆ ಹತ್ತಿ ಎಂದಾಗ ತರಗತಿ ಸ್ತಬ್ಧವಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ಅಲ್ಲೂ ಹತ್ತಿ ಬಿಡಿಸಾಕ ಹುಡುಗ್ರು ಹೋಗ್ತಿದ್ರೇನ್ರಿ?"

ಹೋಗುತ್ತಿದ್ದರು. ಅರಲ್ ತೀರದ ಉಜ್ಬೇಕಿಸ್ತಾನದಲ್ಲಿ ದಶಕಗಳ ಕಾಲ ಶಾಲೆಗಳಿಂದಲೇ ಮಕ್ಕಳನ್ನು ಹೊಲಕ್ಕೆ ಕಳಿಸಲಾಗುತ್ತಿತ್ತು. ದೇಶವಿದೇಶಗಳ ಜನ ವರ್ಷಗಟ್ಟಲೆ ದನಿಯೆತ್ತಿದರು. 2021ರ ಸುಗ್ಗಿಯ ಹೊತ್ತಿಗೆ ಅಲ್ಲಿ ವ್ಯವಸ್ಥಿತವಾದ ಬಲವಂತದ ದುಡಿಮೆ ಕೊನೆಗೊಂಡಿದೆಯೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೇಳಿತು. ಇದನ್ನು ವಿವರಿಸುವಾಗಲೇ ಕರೆಂಟ್ ಹೋಯಿತು, ಆದರೆ ಮಾತು ನಿಲ್ಲಲಿಲ್ಲ. ಅಲ್ಲಿ ಬಲವಂತ ಮಾಡಿದ್ದು ಸರ್ಕಾರ, ಇಲ್ಲಿ ಕಳಿಸುವುದು ಮನೆಯ ಬಡತನ, ಎರಡೂ ಒಂದೇ ಹೇಗಾದೀತು ಎಂದು ಒಬ್ಬ ಹುಡುಗ ವಾದಿಸಿದ. ಆ ವ್ಯತ್ಯಾಸ ನಾನು ಹೇಳಿಕೊಟ್ಟದ್ದಲ್ಲ.

ವಿದೇಶದ ಶಾಲೆಯೊಂದಿಗೆ ವಿಡಿಯೊ ಕರೆಯಲ್ಲಿ ಮಾತಾಡಿಸುವುದೇ ಮಕ್ಕಳನ್ನು ವಿಶ್ವದ ಪ್ರಜೆಗಳನ್ನಾಗಿ ಮಾಡುವ ದಾರಿಯೆಂದು ನಾನೂ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ದೂರದವರ ಕಷ್ಟದಲ್ಲಿ ತನ್ನ ಊರಿನ ಕಷ್ಟವನ್ನು ಗುರುತಿಸಿದ ಮಗುವಿಗೆ ಮಾತ್ರ ಆ ದೂರದವರೊಡನೆ ಆಡಲು ಮಾತಿರುತ್ತದೆ.

ಮರುದಿನ ಅದೇ ಪರದೆಯ ಮೇಲೆ ತುಂಗಭದ್ರಾ ಎಡದಂಡೆ ಕಾಲುವೆಯನ್ನು ಮುನಿರಾಬಾದಿನಿಂದ ಹಿಡಿದು ಕೆಳಗಿನವರೆಗೆ ನೋಡಿದೆವು. ಸಿಂಧನೂರಿನ ಗದ್ದೆಗಳ ದಟ್ಟ ಹಸಿರು ಮಾನ್ವಿಯತ್ತ ಬರುತ್ತ ತೆಳುವಾಗುವುದನ್ನು ಕಂಡು, ಕೊನೆಭಾಗದ ರೈತರ ಮಕ್ಕಳು ತಮ್ಮ ಮನೆಯ ಮಾತನ್ನು ತಾವೇ ಹೇಳತೊಡಗಿದರು.

ಆಮೇಲೆ ಅವರು ಮೂರು ವರ್ಷಗಳ ಹಾಜರಿ ಪುಸ್ತಕಗಳನ್ನು, ಹೆಸರುಗಳನ್ನು ಬಿಟ್ಟು, ತಿಂಗಳವಾರು ಕಂಪ್ಯೂಟರಿನ ಎಕ್ಸೆಲ್‌ಗೆ ಏರಿಸಿದರು. ನವೆಂಬರಿನಲ್ಲಿ ಹುಡುಗಿಯರ ಹಾಜರಿಯ ಗೆರೆ ಹುಡುಗರದಕ್ಕಿಂತ ಕೆಳಗಿಳಿದಿತ್ತು. ಪ್ರಿಂಟರ್ ಇರಲಿಲ್ಲವಾದ್ದರಿಂದ, ಮೊದಲು ಪ್ರಶ್ನೆ ಕೇಳಿದ್ದ ಹುಡುಗಿಯೇ ಆ ರೇಖಾನಕ್ಷೆಯನ್ನು ಡ್ರಾಯಿಂಗ್ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಿಂದ ಬರೆದು, ಮಕ್ಕಳ ಗ್ರಾಮ ಸಭೆಯಲ್ಲಿ ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಪಂಚಾಯಿತಿಯ ಸದಸ್ಯರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡು ಹತ್ತಿರ ಬಂದು, ಕೆಂಪು ಗೆರೆಯ ಮೇಲೆ ಬೆರಳಿಟ್ಟು, "ಇದು ಯಾವ ತಿಂಗಳವ್ವಾ?" ಎಂದು ಕೇಳಿದರು.